ತೂತಿನ ರಟ್ಟು
ಕೃತಕ ಬುದ್ಧಿಮತ್ತೆಯ ಸುದ್ದಿ ಓದಿದಾಗೆಲ್ಲ ನನಗೆ ಬನಹಟ್ಟಿಯ ಮಗ್ಗಗಳು ನೆನಪಾಗುತ್ತವೆ. ಚಿಕ್ಕಂದಿನಲ್ಲಿ ನಮ್ಮೂರು ಚಿಮ್ಮಡದಿಂದ ಅಲ್ಲಿಗೆ ಹೋದರೆ ಓಣಿ ತುಂಬ ಖಟಪಟ ಸದ್ದು. ಮಗ್ಗದ ಮೇಲೆ ಜಕಾರ್ಡ್ ಎಂಬ ಸಾಧನ, ಅದರಲ್ಲಿ ಸರದಿಯಂತೆ ತಿರುಗುವ ತೂತಿನ ರಟ್ಟುಗಳು. ತೂತಿದ್ದಲ್ಲಿ ಹಾಸಿನ ಎಳೆ ಮೇಲೇಳುತ್ತದೆ, ಇಲ್ಲದಲ್ಲಿ ಕೆಳಗೇ ಉಳಿಯುತ್ತದೆ. ನಡುವೆ ಲಾಳಿ ಓಡಿತೆಂದರೆ ಸೀರೆಯ ದಡಿಯಲ್ಲಿ ಹೂವು, ಬಳ್ಳಿ. ಎಂಥ ಚೆಲುವಾದ ಲೆಕ್ಕ! ಫ್ರಾನ್ಸಿನ ಜೋಸೆಫ್ ಮರಿ ಜಕಾರ್ಡ್ 1804ರ ಸುಮಾರಿಗೆ ರೂಪಕ್ಕೆ ತಂದ ಈ ಉಪಾಯವನ್ನೇ ಮುಂದೆ ಚಾರ್ಲ್ಸ್ ಬ್ಯಾಬೇಜ್ ತನ್ನ ಗಣಕಯಂತ್ರದ ಯೋಜನೆಗೆ ಎರವಲು ಪಡೆದ. ರಟ್ಟಿಗೆ ತೂತು ಹೊಡೆಯುವವರೂ ನನ್ನ ಪಾಲಿಗೆ ಪ್ರೋಗ್ರಾಮರ್‌ಗಳೇ. ಹೊಸ ತಂತ್ರಜ್ಞಾನ ನಮ್ಮಂಥವರಿಗಲ್ಲ ಎಂದು ಅಳುಕುವ ನಮ್ಮೂರ ಮಕ್ಕಳನ್ನು ಒಮ್ಮೆ ನೇಕಾರರ ಮನೆಗೆ ಕರೆದೊಯ್ಯಿರಿ, ಆ ರಟ್ಟನ್ನು ಅವರ ಕೈಗೆ ಕೊಡಿ.