ಒನಕೆಗೆ ಎಷ್ಟು ಅಂಕ?

ಯಾರು ದೊಡ್ಡವರು ಎಂಬ ಜಗಳಕ್ಕೆ ಊರು, ದೇಶಗಳ ಭೇದವಿಲ್ಲ. ಬ್ರಿಟನ್ನಿನ ಬಾಕ್ಸಿಂಗ್ ಪ್ರಿಯರು ತಮ್ಮ ನಾಡಿನ ಸಾರ್ವಕಾಲಿಕ ಶ್ರೇಷ್ಠ ಮುಷ್ಟಿಯೋಧರ ಪಟ್ಟಿ ಮಾಡುತ್ತಲೇ ಇರುತ್ತಾರೆ. ಒಬ್ಬರ ಪಟ್ಟಿ ಇನ್ನೊಬ್ಬರಿಗೆ ಹಿಡಿಸುವುದಿಲ್ಲ. ನಮ್ಮ ಚಿತ್ರದುರ್ಗ ಸೀಮೆಗೆ ಬಾಕ್ಸಿಂಗಿನ ಹುಚ್ಚು ಅಷ್ಟಿಲ್ಲ; ಪಟ್ಟಿಯ ಹುಚ್ಚು ಮಾತ್ರ ಇದೆ. ಕರ್ನಾಟಕದ ವೀರಮಹಿಳೆಯರಲ್ಲಿ ಮೊದಲ ಸ್ಥಾನ ಯಾರಿಗೆ ಎಂದು ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯ ಯಾವ ಶಾಲೆಯ ಹುಡುಗಿಯನ್ನಾದರೂ ಕೇಳಿ ನೋಡಿ. ಒನಕೆ ಓಬವ್ವ ಎಂಬ ಉತ್ತರ ಬರುವುದಕ್ಕೆ ಉಸಿರೆಳೆಯುವಷ್ಟು ಹೊತ್ತೂ ಬೇಕಾಗದು. ಅದೇ ಪ್ರಶ್ನೆಯನ್ನು ಬೈಲಹೊಂಗಲದಲ್ಲಿ ಕೇಳಿದರೆ ಕಿತ್ತೂರು ಚೆನ್ನಮ್ಮ, ಉಳ್ಳಾಲದಲ್ಲಿ ಕೇಳಿದರೆ ಅಬ್ಬಕ್ಕ, ಮಲೆನಾಡಿನಲ್ಲಿ ಕೇಳಿದರೆ ಕೆಳದಿಯ ಚೆನ್ನಮ್ಮ.

ಊರಿನ ಅಭಿಮಾನ ತಪ್ಪಲ್ಲ. ಆದರೆ ಅಭಿಮಾನವೇ ಅಳತೆಗೋಲಾದರೆ ಅದಕ್ಕೆ ವಿಮರ್ಶೆ ಎನ್ನಲಾಗದು. ಹಾಗಾದರೆ ಅಳೆಯುವುದು ಯಾವುದರಿಂದ?

ಬಾಕ್ಸಿಂಗಿನವರಿಗೆ ಒಂದು ಅನುಕೂಲವಿದೆ. ಎಷ್ಟು ಪಂದ್ಯ, ಎಷ್ಟು ಗೆಲುವು, ಯಾರ ಮೇಲೆ ಗೆಲುವು ಎಂಬ ಲೆಕ್ಕ ಅವರ ಬಳಿ ಬರಹದಲ್ಲಿರುತ್ತದೆ. ಆದರೂ ಅವರ ಜಗಳ ತೀರಿಲ್ಲ. ಒಂದು ಕಡೆ ಜಿಮ್ಮಿ ವೈಲ್ಡ್. ವೇಲ್ಸಿನ ಈ ಸಣಕಲು ಮನುಷ್ಯ ಐವತ್ತು ಕಿಲೋ ಕೂಡ ತೂಗುತ್ತಿರಲಿಲ್ಲ. 1916ರಿಂದ 1923ರವರೆಗೆ ತನ್ನ ತೂಕದವರಲ್ಲಿ ವಿಶ್ವ ಚಾಂಪಿಯನ್. ಇನ್ನೊಂದು ಕಡೆ ಲೆನಾಕ್ಸ್ ಲೂಯಿಸ್, ನೂರು ಕಿಲೋ ಮೀರಿದ ಆಳು, 1999ರಲ್ಲಿ ಭಾರೀ ತೂಕದವರಲ್ಲಿ ಜಗತ್ತಿಗೇ ಒಬ್ಬನೆನಿಸಿಕೊಂಡವನು. ಇಬ್ಬರನ್ನೂ ಎದುರುಬದುರು ನಿಲ್ಲಿಸಿದರೆ ಅದು ಪಂದ್ಯವಾಗುವುದಿಲ್ಲ, ಅನ್ಯಾಯವಾಗುತ್ತದೆ. ಅದಕ್ಕೇ ಅವರು ಒಂದು ಉಪಾಯ ಹೂಡಿದ್ದಾರೆ. ಇಬ್ಬರೂ ಒಂದೇ ತೂಕದವರಾಗಿದ್ದರೆ ಯಾರ ಕೈ ಮೇಲಾಗುತ್ತಿತ್ತು ಎಂದು ಕೇಳಿಕೊಳ್ಳುತ್ತಾರೆ. ಹಾಗೆ ಕೇಳಿದಾಗ ಸಣಕಲು ವೈಲ್ಡ್ ಎಷ್ಟೋ ಪಟ್ಟಿಗಳಲ್ಲಿ ದೈತ್ಯರನ್ನು ಹಿಂದೆ ಹಾಕಿಬಿಡುತ್ತಾನೆ.

ಈಗ ನಮ್ಮವರ ಲೆಕ್ಕ ನೋಡೋಣ. ಅಬ್ಬಕ್ಕ ಹದಿನಾರನೆಯ ಶತಮಾನದಲ್ಲಿ ಪೋರ್ಚುಗೀಸರನ್ನು ಎದುರಿಸಿದ ಚೌಟ ಮನೆತನದ ರಾಣಿ. ಕೆಳದಿಯ ಚೆನ್ನಮ್ಮ ಸುಮಾರು ಇಪ್ಪತ್ತೈದು ವರ್ಷ ರಾಜ್ಯವಾಳಿ, 1689ರಲ್ಲಿ ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟು, ಔರಂಗಜೇಬನ ಸೈನ್ಯಕ್ಕೆ ಎದುರು ನಿಂತವಳು. ಕಿತ್ತೂರಿನ ಚೆನ್ನಮ್ಮನ ಪಡೆ 1824ರ ಅಕ್ಟೋಬರಿನಲ್ಲಿ ಕಂಪನಿ ಸೈನ್ಯವನ್ನು ಸೋಲಿಸಿತು. ಕಲೆಕ್ಟರ್ ಥ್ಯಾಕರೆ ಆ ಕಾಳಗದಲ್ಲೇ ಸತ್ತ. ಡಿಸೆಂಬರಿನಲ್ಲಿ ಕೋಟೆ ಬಿತ್ತು, ರಾಣಿ 1829ರಲ್ಲಿ ಬೈಲಹೊಂಗಲದ ಸೆರೆಯಲ್ಲಿ ತೀರಿಕೊಂಡಳು. 2007ರಲ್ಲಿ ಆಕೆಯ ಪ್ರತಿಮೆ ದೆಹಲಿಯ ಸಂಸತ್ ಆವರಣವನ್ನೂ ಸೇರಿತು.

ಓಬವ್ವನ ಲೆಕ್ಕವೆಷ್ಟು? ಹೈದರಾಲಿ ದುರ್ಗವನ್ನು ಮುತ್ತಿದ್ದ ಕಾಲ. ಕಹಳೆಯ ಮುದ್ದಹನುಮ ಊಟಕ್ಕೆ ಬಂದಿದ್ದಾನೆ, ಹೆಂಡತಿ ನೀರಿಗೆ ಹೋಗಿದ್ದಾಳೆ, ಬಂಡೆಯ ಕಿಂಡಿಯೊಳಗಿಂದ ಶತ್ರು ನುಸುಳುತ್ತಿದ್ದಾನೆ. ಮುಂದಿನದನ್ನು ನಾನು ಹೇಳಬೇಕಾಗಿಲ್ಲ. ಒಂದು ಕಿಂಡಿ, ಒಂದು ಹೊತ್ತು. ಸಿಂಹಾಸನವಿಲ್ಲ, ಸೈನ್ಯವಿಲ್ಲ, ಪತ್ರವ್ಯವಹಾರವಿಲ್ಲ. ಕಥೆ ಉಳಿದದ್ದೂ ಮುಖ್ಯವಾಗಿ ಜನರ ಬಾಯಲ್ಲಿ. ಆಕೆಯ ಸಾವಿನ ಬಗೆಗೂ ಒಂದೇ ಮಾತಿಲ್ಲ. ದುರ್ಗ ಕೂಡ ಉಳಿಯಲಿಲ್ಲ, 1779ರಲ್ಲಿ ಹೈದರನ ವಶವಾಯಿತು. ಬರಹದ ಲೆಕ್ಕವನ್ನೇ ನೆಚ್ಚಿದರೆ ಓಬವ್ವ ಪಟ್ಟಿಯ ಕೊನೆಗೆ ಹೋಗಬೇಕು.

ಇಲ್ಲಿ ನಮ್ಮವರು ಆಕೆಯ ಪರವಾಗಿ ಹೂಡುವ ವಾದವೇ ನನಗೆ ಒಪ್ಪಿಗೆಯಾಗದ್ದು. ಭಾಷಣ ಸ್ಪರ್ಧೆಗಳಲ್ಲಿ ಅದು ಮತ್ತೆ ಮತ್ತೆ ಕೇಳಿಬರುತ್ತದೆ: ಉಳಿದವರು ರಾಣಿಯರು, ಕತ್ತಿ ಕಲಿತವರು, ಓಬವ್ವನಾದರೋ ಏನೂ ಅರಿಯದ ಸಾಮಾನ್ಯ ಹೆಣ್ಣು, ಆ ಕ್ಷಣಕ್ಕೆ ಆವೇಶ ಬಂತು, ದುರ್ಗಿಯಾದಳು. 1972ರ ‘ನಾಗರಹಾವು’ ಚಿತ್ರದಲ್ಲಿ ಪುಟ್ಟಣ್ಣ ಕಣಗಾಲ್ ಅವರು ಜಯಂತಿಯವರನ್ನು ಓಬವ್ವನಾಗಿ ತೋರಿಸಿದ ಮೇಲಂತೂ ನಮ್ಮ ಕಣ್ಣಲ್ಲಿ ನಿಂತದ್ದು ಆ ಉರಿಯುವ ಕಣ್ಣುಗಳೇ. ಜಯಂತಿಯವರ ಅಭಿನಯ ಇಂದಿಗೂ ಮೈ ಜುಮ್ಮೆನ್ನಿಸುತ್ತದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಕಣ್ಣು ನೋಡುವ ಭರದಲ್ಲಿ ನಾವು ಕೈ ನೋಡುವುದನ್ನು ಮರೆತೆವು.

ಒನಕೆ ಹಿಡಿದು ಗೊತ್ತಿರುವ ಹಿರಿಯರು ನಿಮ್ಮ ಮನೆಯಲ್ಲಿದ್ದರೆ ಕೇಳಿ ನೋಡಿ. ಆಳೆತ್ತರದ ಗಟ್ಟಿಮರ, ತುದಿಗೆ ಕಬ್ಬಿಣದ ಬಳೆ. ನಮ್ಮ ಬಯಲುಸೀಮೆಯಲ್ಲಿ ನವಣೆ, ಸಾವೆಯನ್ನು ಕುಟ್ಟಿ ಅಕ್ಕಿ ಮಾಡಬೇಕಾಗಿದ್ದ ಕಾಲದಲ್ಲಿ ಅದನ್ನು ಎತ್ತಿ ಎತ್ತಿ ಒರಳಿನ ಅದೇ ಗುಳಿಗೆ ಹಾಕಬೇಕು. ಒಂದಂಗುಲ ಆಚೀಚೆ ಬಿದ್ದರೆ ಕಾಳು ಚೆಲ್ಲುತ್ತದೆ. ಇಬ್ಬರು ಎದುರುಬದುರು ನಿಂತು ಕುಟ್ಟುವಾಗ ಒಬ್ಬಳ ಲಯ ತಪ್ಪಿದರೆ ಇನ್ನೊಬ್ಬಳ ಕೈ ಜಜ್ಜಿಹೋದೀತು. ಉಸಿರು ಹಿಡಿತದಲ್ಲಿರಬೇಕು, ಸೊಂಟ ಗಟ್ಟಿಯಿರಬೇಕು. ಇದಕ್ಕೆ ತರಬೇತಿ ಎನ್ನದೆ ಇನ್ನೇನೆನ್ನುವುದು?

ಆಕೆ ಏಟು ಹಾಕಿದ ರೀತಿಯನ್ನೂ ನೆನೆಯಿರಿ. ಬಿದ್ದವನನ್ನು ಪಕ್ಕಕ್ಕೆಳೆದು ಹಾಕಿ, ಹಿಂದೆ ಬರುವವನಿಗೆ ಸುಳಿವು ಸಿಗದಂತೆ ಮತ್ತೆ ಕಿಂಡಿಯ ಪಕ್ಕ ಸದ್ದಿಲ್ಲದೆ ನಿಂತಳಂತೆ. ಊಟಕ್ಕೆ ಕೂತ ಗಂಡನನ್ನು ಎಬ್ಬಿಸಲಿಲ್ಲ. ಆವೇಶ ಬಂದವರು ಕೂಗಾಡುತ್ತಾರೆ. ಹೀಗೆ ಲೆಕ್ಕ ಹಾಕಿ, ಸರದಿ ಕಾದು, ಒಂದೇ ಜಾಗಕ್ಕೆ ಒಂದೇ ಏಟು ಹಾಕುವುದು ಅಭ್ಯಾಸವಿದ್ದವರ ಕೆಲಸ. ಜಿಮ್ಮಿ ವೈಲ್ಡ್ ಹುಡುಗನಾಗಿದ್ದಾಗ ಕಲ್ಲಿದ್ದಲ ಗಣಿಯಲ್ಲಿ ದುಡಿದವನು. ಗಂಡಸು ಗಣಿಯಲ್ಲಿ ದುಡಿದರೆ ಅದು ಅವನ ಕೈಗೆ ಬಲ ಕೊಟ್ಟಿತೆನ್ನುತ್ತೇವೆ. ಹೆಂಗಸು ಒರಳ ಮುಂದೆ ದುಡಿದರೆ ಅದು ಮನೆಗೆಲಸ, ಬಲ ಮಾತ್ರ ದೇವಿ ಮೈಮೇಲೆ ಬಂದು ಕೊಟ್ಟದ್ದು! ಈ ಎರಡು ಅಳತೆ ಏಕೆ?

ಬರಹದ ಲೆಕ್ಕದ ವಿಷಯಕ್ಕೆ ಮತ್ತೆ ಬರೋಣ. ಲೆಕ್ಕ ಬರೆಸಿಕೊಳ್ಳುವ ಅವಕಾಶ ಯಾರಿಗಿತ್ತು ಎಂಬುದನ್ನೂ ಕೇಳಬೇಕಲ್ಲವೆ? ಜೇನ್ ಕೌಚ್ ಎಂಬ ಬ್ರಿಟಿಷ್ ಹೆಣ್ಣುಮಗಳು 1996ರಲ್ಲಿ ಡೆನ್ಮಾರ್ಕಿಗೆ ಹೋಗಿ ವಿಶ್ವ ಪ್ರಶಸ್ತಿ ಗೆದ್ದು ಬಂದಳು. ಆದರೂ ಸ್ವಂತ ದೇಶದ ಬಾಕ್ಸಿಂಗ್ ಮಂಡಳಿ ಆಕೆಗೆ ಪರವಾನಗಿ ಕೊಡಲಿಲ್ಲ. ಮುಟ್ಟಿನ ದಿನಗಳ ಸುತ್ತ ಹೆಂಗಸರ ಮನಸ್ಸು ಸ್ಥಿಮಿತದಲ್ಲಿರುವುದಿಲ್ಲ ಎಂದು ವಾದಿಸಿತು. ಆಕೆ ನ್ಯಾಯಮಂಡಳಿಗೆ ಹೋಗಿ 1998ರಲ್ಲಿ ಗೆದ್ದಳು. ಒಲಿಂಪಿಕ್ಸ್‌ನಲ್ಲಿ ಹೆಂಗಸರ ಬಾಕ್ಸಿಂಗ್ ಬಂದದ್ದೇ 2012ರಲ್ಲಿ. ಅಲ್ಲಿ ನಮ್ಮ ಮೇರಿ ಕೋಮ್ ಅವರನ್ನು ಸೆಮಿಫೈನಲ್‌ನಲ್ಲಿ ಸೋಲಿಸಿದ ಬ್ರಿಟನ್ನಿನ ನಿಕೋಲಾ ಆಡಮ್ಸ್ ಚಿನ್ನ ಗೆದ್ದರು, ಮೇರಿಯವರಿಗೆ ಕಂಚು ಬಂತು. ಕಣಕ್ಕೇ ಇಳಿಯಗೊಡದೆ, ಆಮೇಲೆ ನಿನ್ನ ಪುಸ್ತಕ ಖಾಲಿ ಎಂದು ಪಟ್ಟಿಯಿಂದ ಕೈಬಿಟ್ಟರೆ ಅದು ಯಾವ ನ್ಯಾಯ?

ಹಾಗೆಂದು ಓಬವ್ವನಿಗೆ ಎಲ್ಲದರಲ್ಲೂ ಮೊದಲ ಸ್ಥಾನ ಕೊಡಿ ಎಂದು ನಾನು ಹೇಳಲಾರೆ. ಸೋಲು ಎದುರಿಗಿದ್ದರೂ ಒಂದು ಸಂಸ್ಥಾನವನ್ನೇ ಪಣಕ್ಕಿಟ್ಟು ಕಂಪನಿಗೆ ಇಲ್ಲವೆಂದ ಕಿತ್ತೂರಿನ ರಾಣಿಯ ಎದೆಗಾರಿಕೆ ಬೇರೆಯೇ. ಆಳುವವರ ಪಟ್ಟಿಯಲ್ಲಿ ಆಕೆಗೇ ನನ್ನ ಮತ. ಆದರೆ ಯಾರ ನೆರವೂ ಇಲ್ಲದೆ, ಕೈಗೆ ಸಿಕ್ಕಿದ್ದರಲ್ಲಿ, ಒಬ್ಬಳೇ ನಿಂತು ಹೊಡೆದಾಡಿದವರ ಪಟ್ಟಿಯಲ್ಲಿ, ತೂಕಕ್ಕೆ ತೂಕ ಇಟ್ಟು ನೋಡಿದರೆ, ಓಬವ್ವನ ಮುಂದೆ ನಿಲ್ಲುವವರು ನನಗೆ ಕಾಣರು. ಇದನ್ನು ದುರ್ಗದ ಮೇಲಿನ ಮೋಹದಿಂದ ಹೇಳುತ್ತಿಲ್ಲ, ಒನಕೆಯ ಭಾರ ಬಲ್ಲ ಹೆಂಗಸರ ಪರವಾಗಿ ಹೇಳುತ್ತಿದ್ದೇನೆ.

ಈ ಜಗಳದಿಂದ ನಮಗೇನಾಗಬೇಕು ಎನ್ನುತ್ತೀರಾ? ಆಗಬೇಕಾದದ್ದಿದೆ. 2021ರಿಂದ ನವೆಂಬರ್ 11ರಂದು ಸರ್ಕಾರವೇ ಓಬವ್ವನ ಜಯಂತಿ ಆಚರಿಸುತ್ತಿದೆ. ಚಿತ್ರದುರ್ಗದ ಕ್ರೀಡಾಂಗಣಕ್ಕೂ ಆಕೆಯದೇ ಹೆಸರು. ಜಯಂತಿಯ ಹಿಂದಿನ ರಾತ್ರಿ ಕೂತು ಮಗಳಿಗೆ ಭಾಷಣ ಬರೆದುಕೊಡುವ ತಾಯಂದಿರು ನಾವು. ಅದೇ ಮಗಳು ಕಬಡ್ಡಿಯ ಅಂಗಳದಿಂದ ಮಂಡಿ ತರಚಿಕೊಂಡು ಬಂದರೆ, ಎಸ್ಸೆಸ್ಸೆಲ್ಸಿ ಮುಗಿಯಿತಲ್ಲ, ಇನ್ನು ಸಾಕು ಬಿಡೇ, ಎನ್ನುವವರೂ ನಾವೇ. ಓಬವ್ವನ ಲೆಕ್ಕ ಬರೆಯುವವರು ಆಗ ಯಾರೂ ಇರಲಿಲ್ಲ. ಈಗ ಮನೆಯಲ್ಲೇ ಪೆನ್ನು ಹಿಡಿದ ತಾಯಿ ಇದ್ದಾಳೆ. ಭಾಷಣ ಬರೆದುಕೊಟ್ಟ ನೋಟುಪುಸ್ತಕದ ಹಿಂದಿನ ಹಾಳೆಯಲ್ಲಿ ಮಗಳು ನೂರು ಮೀಟರನ್ನು ಎಷ್ಟು ಸೆಕೆಂಡಿನಲ್ಲಿ ಓಡಿದಳು ಎಂಬುದನ್ನೂ ತಾರೀಖು ಹಾಕಿ ಬರೆದಿಡಿ. ಮುಂದಿನ ವರ್ಷ ಅದರ ಕೆಳಗೆ ಇನ್ನೊಂದು ಸಾಲು ಬರೆಯಲು ಜಾಗವಿರಲಿ.