ಹಿಂಬಾಲಿಸುವ ಮೇಜು: ರೋಮಿಂಗ್ ಪ್ರೊಫೈಲ್ – ಒಂದು ವಿಮರ್ಶೆ

ವಿಂಡೋಸ್ ಎಕ್ಸ್‌ಪಿ ಬಳಕೆಯಲ್ಲಿದ್ದ ದಿನಗಳ ಮಾತು. ಕಾಲೇಜೊಂದರ ಭೌತಶಾಸ್ತ್ರ ವಿಭಾಗದಲ್ಲಿ ಸ್ನಾತಕೋತ್ತರ ವಿದ್ಯಾರ್ಥಿನಿಯೊಬ್ಬಳು ಬೆಳಿಗ್ಗೆ ಗಣಕದಲ್ಲಿ ತನ್ನ ರೋಹಿತಮಾಪಕದ ಅಳತೆಗಳ ಕಡತವನ್ನು ತೆರೆದಿಟ್ಟಳು. ಅದನ್ನು ಮುಚ್ಚದೆ ಪ್ರಯೋಗಾಲಯಕ್ಕೆ ಹೋಗಿ, ಅಲ್ಲಿನ ಗಣಕದಲ್ಲಿ ಲಾಗಿನ್ ಆಗಿ, ಅದೇ ಕಡತಕ್ಕೆ ಇಪ್ಪತ್ತು ಹೊಸ ಅಳತೆಗಳನ್ನು ಸೇರಿಸಿ, ಉಳಿಸಿ, ಲಾಗಾಫ್ ಮಾಡಿದಳು. ಮಧ್ಯಾಹ್ನ ಮೊದಲ ಗಣಕಕ್ಕೆ ಮರಳಿ, ತೆರೆದೇ ಇದ್ದ ಕಡತದಲ್ಲಿ ಒಂದು ತಲೆಬರಹ ತಿದ್ದಿ ಉಳಿಸಿ, ಅಲ್ಲಿಯೂ ಲಾಗಾಫ್ ಮಾಡಿದಳು. ಮರುದಿನ ನೋಡಿದರೆ ಇಪ್ಪತ್ತು ಅಳತೆಗಳೂ ಮಾಯ! ಅಳತೆ ಮಾಡದೆಯೇ ನೆಪ ಹೇಳುತ್ತಿದ್ದಾಳೆಂದು ನಾನು ಆಕೆಯನ್ನು ಗದರಿಸಿದೆ. ತಪ್ಪು ಆಕೆಯದಾಗಿರಲಿಲ್ಲ, ವ್ಯವಸ್ಥೆಯ ರಚನೆಯಲ್ಲೇ ಇತ್ತು ಎಂಬುದು ನನಗೆ ತಿಳಿದದ್ದು ತಡವಾಗಿ. ಈ ವಿಮರ್ಶೆಗೆ ಅದೇ ಕಾರಣ.

ಭರವಸೆ ಮತ್ತು ವಿಧಾನ

ರೋಮಿಂಗ್ ಪ್ರೊಫೈಲ್‌ನ ಭರವಸೆ ಆಕರ್ಷಕವಾದುದು: ಜಾಲದ ಯಾವ ಗಣಕದ ಮುಂದೆ ಕುಳಿತರೂ ನಿಮ್ಮ ಡೆಸ್ಕ್‌ಟಾಪ್, ನಿಮ್ಮ ಕಡತಗಳು, ನಿಮ್ಮ ಆಯ್ಕೆಗಳು ನಿಮ್ಮೆದುರು ಇರುತ್ತವೆ. 1996ರಲ್ಲಿ ಬಂದ ವಿಂಡೋಸ್ ಎನ್‌ಟಿ 4.0ರಲ್ಲೂ ಈ ಸೌಲಭ್ಯವಿತ್ತು. ಆದರೆ ಭರವಸೆಯನ್ನು ಈಡೇರಿಸುವ ವಿಧಾನವೇನು? ಲಾಗಿನ್ ಆದಾಗ ಸರ್ವರ್‌ನಲ್ಲಿರುವ ಪ್ರೊಫೈಲ್ ಆ ಗಣಕಕ್ಕೆ ನಕಲಾಗುತ್ತದೆ. ಲಾಗಾಫ್ ಮಾಡಿದಾಗ ಬದಲಾವಣೆಗಳು ಸರ್ವರ್‌ಗೆ ಮರಳುತ್ತವೆ. ಅಂದರೆ ಮೇಜು ನಿಮ್ಮನ್ನು ಹಿಂಬಾಲಿಸುವುದಿಲ್ಲ, ಹೋದಲ್ಲೆಲ್ಲ ಅದರ ಒಂದೊಂದು ಪ್ರತಿ ಹುಟ್ಟುತ್ತದೆ.

ಎರಡು ಪ್ರತಿಗಳು ಒಂದೇ ಕಾಲದಲ್ಲಿ ಬದಲಾದರೆ ಯಾವುದು ನಿಜ? ವಿಂಡೋಸ್ 2000ದಿಂದ ಈಚೆಗೆ ಕಡತಗಳನ್ನು ಒಂದೊಂದಾಗಿ, ಅವುಗಳ ಮೇಲಿನ ಸಮಯಮುದ್ರೆಯಿಂದ ಹೋಲಿಸಲಾಗುತ್ತದೆ, ಇತ್ತೀಚಿನದು ಉಳಿಯುತ್ತದೆ. ವಿದ್ಯಾರ್ಥಿನಿ ಮಧ್ಯಾಹ್ನ ಉಳಿಸಿದ ಕಡತ ಸಮಯದಲ್ಲಿ ಹೊಸದು, ಒಳಗಿನ ಮಾಹಿತಿಯಲ್ಲಿ ಹಳೆಯದು. ವ್ಯವಸ್ಥೆ ನೋಡಿದ್ದು ಸಮಯವನ್ನು ಮಾತ್ರ. ಗಣಕದ ಗಡಿಯಾರವೇ ಮುಂದಿದ್ದರೆ ನಿಜವಾಗಿ ಹಳೆಯದಾದ ಪ್ರತಿಯೂ ಗೆಲ್ಲಬಹುದು. ಬಳಕೆದಾರನ ಆಯ್ಕೆಗಳೆಲ್ಲ ಅಡಗಿರುವ ಎನ್‌ಟಿಯೂಸರ್.ಡ್ಯಾಟ್ ಒಂದೇ ಕಡತವಾದ್ದರಿಂದ ಅದರಲ್ಲಿ ಕೊನೆಗೆ ಬರೆದವರದೇ ಗೆಲುವು.

ಒಂದು ಸರಳ ಲೆಕ್ಕ

"ಜಾಲ ನಿಧಾನ" ಎಂಬ ದೂರನ್ನೂ ಪರೀಕ್ಷಿಸೋಣ. ಬೆಳಿಗ್ಗೆ ಒಂಬತ್ತಕ್ಕೆ 40 ವಿದ್ಯಾರ್ಥಿಗಳು ಒಟ್ಟಿಗೆ ಲಾಗಿನ್ ಆಗುತ್ತಾರೆ ಎನ್ನಿ. ಒಬ್ಬೊಬ್ಬರ ಪ್ರೊಫೈಲ್ 200 ಮೆಗಾಬೈಟ್. ಒಟ್ಟು 8,000 ಮೆಗಾಬೈಟ್. ಸರ್ವರ್‌ನ ಸಂಪರ್ಕ ಸೆಕೆಂಡಿಗೆ 100 ಮೆಗಾಬಿಟ್ ಆದರೆ, ಯಾವ ನಷ್ಟವೂ ಇಲ್ಲವೆಂದುಕೊಂಡರೂ, ಸೆಕೆಂಡಿಗೆ ಸಾಗುವುದು 12.5 ಮೆಗಾಬೈಟ್. ಬೇಕಾಗುವ ಕಾಲ 640 ಸೆಕೆಂಡು, ಅಂದರೆ ಸುಮಾರು 11 ನಿಮಿಷ. 45 ನಿಮಿಷಗಳ ತರಗತಿಯಲ್ಲಿ ಕಾಲುಭಾಗ ಕಾಯುವುದರಲ್ಲೇ ಮುಗಿಯಿತು! ಸಾವಿರಾರು ಚಿಕ್ಕ ಕಡತಗಳಿದ್ದರೆ ಕಾಲ ಇನ್ನೂ ಹೆಚ್ಚು, ಏಕೆಂದರೆ ಪ್ರತಿ ಕಡತಕ್ಕೂ ಕೋರಿಕೆ ಮತ್ತು ಉತ್ತರಗಳ ವಿನಿಮಯ ನಡೆಯಬೇಕು. ಇಲ್ಲಿ ಜಾಲ ಕೆಟ್ಟಿಲ್ಲ. ಹೊರಿಸಿದ ಹೊರೆಯೇ ಹೆಚ್ಚು.

ಪರಿಹಾರವೂ ಈ ಲೆಕ್ಕದಲ್ಲೇ ಇದೆ. 'ಫೋಲ್ಡರ್ ರೀಡೈರೆಕ್ಷನ್' ಎಂಬ ವ್ಯವಸ್ಥೆಯಿಂದ ಡೆಸ್ಕ್‌ಟಾಪನ್ನೂ ಡಾಕ್ಯುಮೆಂಟ್ಸ್ ಫೋಲ್ಡರನ್ನೂ ಸರ್ವರ್‌ನಲ್ಲೇ ಇಟ್ಟು ನೇರವಾಗಿ ಬಳಸಬಹುದು. ಆಗ ನಕಲಾಗಬೇಕಾದ ಭಾಗ ತಲಾ 10 ಮೆಗಾಬೈಟ್‌ಗೆ ಇಳಿದರೆ ನಲವತ್ತು ಜನರಿಗೂ ಸೇರಿ 32 ಸೆಕೆಂಡು ಸಾಕು. ಯೂನಿಕ್ಸ್ ಜಗತ್ತು ಈ ದಾರಿಯನ್ನು ಮೊದಲೇ ಹಿಡಿದಿತ್ತು. ಸನ್ ಮೈಕ್ರೋಸಿಸ್ಟಮ್ಸ್ 1984ರಲ್ಲಿ ತಂದ ಎನ್‌ಎಫ್‌ಎಸ್‌ನಲ್ಲಿ ಬಳಕೆದಾರನ ಕಡತಗಳು ಒಂದೇ ಕಡೆ ಇರುತ್ತವೆ, ಗಣಕಗಳು ಅಲ್ಲಿಗೇ ಹೋಗಿ ಓದುತ್ತವೆ. ಅದಕ್ಕೂ ದೋಷವುಂಟು: ಸರ್ವರ್ ನಿಂತರೆ ಎಲ್ಲರ ಕೆಲಸವೂ ನಿಲ್ಲುತ್ತದೆ. ಜಾಲ ಕಡಿದರೂ ಸ್ಥಳೀಯ ಪ್ರತಿಯಲ್ಲಿ ಕೆಲಸ ಮುಂದುವರಿಯುವುದು ನಕಲು ವಿಧಾನದ ನಿಜವಾದ ಗುಣ. ಅದನ್ನು ಒಪ್ಪಲೇಬೇಕು.

ಮೌನವೆಂಬ ದೋಷ

ನನ್ನ ಮುಖ್ಯ ಆಕ್ಷೇಪ ನಕಲಿನ ಬಗ್ಗೆ ಅಲ್ಲ, ಮೌನದ ಬಗ್ಗೆ. ಪ್ರೊಫೈಲನ್ನು ತೆರೆಯಲಾಗದಿದ್ದಾಗ ವಿಂಡೋಸ್ ತಾತ್ಕಾಲಿಕ ಪ್ರೊಫೈಲ್ ಒಂದನ್ನು ಕೊಡುತ್ತದೆ. ಎಚ್ಚರಿಕೆಯೊಂದು ಕಾಣಿಸಿ ಮರೆಯಾಗುತ್ತದೆ. ಅದನ್ನು ಗಮನಿಸದೆ ಡೆಸ್ಕ್‌ಟಾಪ್‌ನಲ್ಲಿ ಉಳಿಸಿದ್ದೆಲ್ಲ ಲಾಗಾಫ್ ಮಾಡಿದೊಡನೆ ಅಳಿಸಿಹೋಗುತ್ತದೆ. ವಿಸ್ಟಾದಿಂದ ಪ್ರೊಫೈಲ್ ಫೋಲ್ಡರಿನ ಹೆಸರಿಗೆ '.ವಿ2' ಎಂಬ ಬಾಲ ಸೇರಿತು. ಮುಂದಿನ ಆವೃತ್ತಿಗಳಲ್ಲಿ ಬಾಲದ ಅಂಕಿ ಏರುತ್ತಾ ಹೋಯಿತು. ಹಾಗಾಗಿ ಹಳೆಯ ಮತ್ತು ಹೊಸ ಗಣಕಗಳು ಬೆರೆತಿದ್ದ ಪ್ರಯೋಗಾಲಯದಲ್ಲಿ ಒಬ್ಬನೇ ವಿದ್ಯಾರ್ಥಿಗೆ ಎರಡು ಪ್ರೊಫೈಲ್‌ಗಳು. ಒಂದರಲ್ಲಿಟ್ಟ ಕಡತ ಇನ್ನೊಂದರಲ್ಲಿ ಕಾಣದಿದ್ದಾಗ ಆತ ಅದು ಕಳೆದೇಹೋಯಿತೆಂದು ತಿಳಿಯುತ್ತಾನೆ.

ಲಾಗಿನ್ ಸ್ಕ್ರಿಪ್ಟ್‌ಗಳದ್ದೂ ಇದೇ ಕಥೆ. ಲಾಗಿನ್ ಆದಾಗ ತಾನಾಗಿ ನಡೆಯುವ ಈ ಆದೇಶಗಳ ಪಟ್ಟಿ ಸಾಮಾನ್ಯವಾಗಿ ಸರ್ವರ್‌ನ ಫೋಲ್ಡರಿಗೆ 'ಎಚ್' ಮುಂತಾದ ಡ್ರೈವ್ ಅಕ್ಷರವನ್ನು ಜೋಡಿಸುತ್ತದೆ. ಪರದೆ ಚೊಕ್ಕಟವಾಗಿರಲೆಂದು ಹಲವು ನಿರ್ವಾಹಕರು ದೋಷ ಸಂದೇಶಗಳನ್ನೆಲ್ಲ ಅಡಗಿಸಿ ಬರೆಯುತ್ತಾರೆ. ಅಕ್ಷರ ಆಗಲೇ ಬಳಕೆಯಲ್ಲಿದೆ ಎನ್ನುವ ದೋಷ 85, ಜಾಲದ ವಿಳಾಸ ಸಿಗಲಿಲ್ಲ ಎನ್ನುವ ದೋಷ 53, ಅನುಮತಿಯಿಲ್ಲ ಎನ್ನುವ ದೋಷ 5 – ಮೂರಕ್ಕೂ ಮದ್ದು ಬೇರೆಬೇರೆ. ಸಂದೇಶವನ್ನೇ ಅಡಗಿಸಿದರೆ ಮೂರೂ "ಎಚ್ ಡ್ರೈವ್ ಇಲ್ಲ" ಎಂಬ ಒಂದೇ ದೂರಾಗುತ್ತವೆ. ವಿಂಡೋಸ್ 8.1ರಲ್ಲಂತೂ ಗ್ರೂಪ್ ಪಾಲಿಸಿಯ ಲಾಗಿನ್ ಸ್ಕ್ರಿಪ್ಟ್, ಬೇರೆ ಸೂಚನೆ ಇಲ್ಲದಿದ್ದರೆ, ಐದು ನಿಮಿಷ ತಡವಾಗಿ ನಡೆಯುವಂತೆ ಮಾಡಲಾಯಿತು. ಇದನ್ನರಿಯದೆ ಸರಿಯಾಗಿಯೇ ಇದ್ದ ಸ್ಕ್ರಿಪ್ಟನ್ನು ತಿದ್ದಿ ಕೆಡಿಸುವುದು ಸುಲಭ.

ಪ್ರಯೋಗಾಲಯದ ಶಿಸ್ತು

ಭೌತಶಾಸ್ತ್ರದಲ್ಲಿ ನಾವು ಒಂದು ಸಲಕ್ಕೆ ಒಂದೇ ಪರಿಮಾಣವನ್ನು ಬದಲಿಸುತ್ತೇವೆ. ಇಲ್ಲಿಯೂ ಹಾಗೆಯೇ. ಮೊದಲು ಅದೇ ಗಣಕದಲ್ಲಿ ಹೊಸ ಬಳಕೆದಾರನ ಹೆಸರಿನಲ್ಲಿ ಲಾಗಿನ್ ಆಗಿ ನೋಡಿ. ಎಲ್ಲವೂ ಸರಿಯಿದ್ದರೆ ಹಳೆಯ ಪ್ರೊಫೈಲನ್ನು ಶಂಕಿಸಬೇಕು. ಅನಂತರ ಅದೇ ಬಳಕೆದಾರನನ್ನು ಬೇರೆ ಗಣಕದಲ್ಲಿ ಲಾಗಿನ್ ಮಾಡಿಸಿ. ಅಲ್ಲಿ ಸರಿಯಿದ್ದರೆ ಮೊದಲ ಗಣಕವನ್ನು ಶಂಕಿಸಬೇಕು. ಯಾರಿಗೂ ಎಲ್ಲಿಯೂ ಆಗದಿದ್ದರೆ ಜಾಲ ಅಥವಾ ಸರ್ವರ್ ಕಡೆ ತಿರುಗಿ. ಪ್ರತಿ ಹಂತದಲ್ಲೂ ಈವೆಂಟ್ ವ್ಯೂವರ್‌ನ ದಾಖಲೆ ಓದಿ. ಸ್ಕ್ರಿಪ್ಟ್ ತನ್ನ ಪ್ರತಿ ಹೆಜ್ಜೆಯ ಫಲಿತಾಂಶವನ್ನೂ ಸಮಯವನ್ನೂ ಒಂದು ಕಡತದಲ್ಲಿ ಬರೆದಿಡಲಿ. ಸ್ಥಳೀಯ ಪ್ರೊಫೈಲನ್ನು ಅಳಿಸುವ ಮುನ್ನ ಅದರ ಪ್ರತಿಯೊಂದನ್ನು ತೆಗೆದಿಡಿ. ಕಳೆದುಹೋಯಿತೆಂದುಕೊಂಡ ಕಡತ ಅಲ್ಲೇ ಇರಬಹುದು.

ಈಚೆಗೆ ಪ್ರೊಫೈಲನ್ನೆಲ್ಲ ಒಂದು ಮಿಥ್ಯಾ ಡಿಸ್ಕಿನಲ್ಲಿಟ್ಟು ಜಾಲದ ಮೂಲಕ ಜೋಡಿಸುವ ವಿಧಾನ ಬಂದಿದೆ. 2018ರಲ್ಲಿ ಮೈಕ್ರೋಸಾಫ್ಟ್ ಕೊಂಡ ಎಫ್‌ಎಸ್‌ಲಾಜಿಕ್ಸ್ ಇದಕ್ಕೆ ಉದಾಹರಣೆ. ಲಾಗಿನ್ ವೇಳೆಯ ಭಾರಿ ನಕಲು ಇದರಲ್ಲಿಲ್ಲ. ವಿಧಾನ ಬದಲಾದರೂ ಅದನ್ನು ಅಳೆಯಬೇಕಾದ ಪ್ರಶ್ನೆ ಒಂದೇ: ಏನೋ ತಪ್ಪಿದಾಗ ವ್ಯವಸ್ಥೆ ಅದನ್ನು ಹೇಳುತ್ತದೆಯೇ, ಇಲ್ಲ ಬಳಕೆದಾರನ ತಲೆಗೆ ಕಟ್ಟುತ್ತದೆಯೇ?

ಆ ವಿದ್ಯಾರ್ಥಿನಿ ಇಪ್ಪತ್ತು ಅಳತೆಗಳನ್ನೂ ಮತ್ತೆ ಮಾಡಿದಳು. ದೋಷದ ಮೂಲ ತಿಳಿದಾಗ ನಾನು ಆಕೆಯ ಕ್ಷಮೆ ಕೇಳಿದೆ. ಯಂತ್ರವನ್ನು ಪರೀಕ್ಷಿಸದೆ ಮನುಷ್ಯರನ್ನು ದೂಷಿಸುವುದು ವಿಜ್ಞಾನದ ಅಧ್ಯಾಪಕನಿಗೆ ತಕ್ಕುದಲ್ಲ.