ಚದರಡಿ ರೇಟು ಹೇಳದೇ ಬಿಡುವ ಲೆಕ್ಕ

ಕಬ್ಬಿಣದ ಶೆಡ್ ಹಾಕಿಸಲು ಹೊರಟವರು ಮೊದಲು ಕೇಳುವುದು ಒಂದೇ ಮಾತು: ಚದರಡಿಗೆ ಎಷ್ಟು ಬೀಳುತ್ತೆ? ಪೀಣ್ಯದ ಸಣ್ಣ ಕೈಗಾರಿಕೆಯವರಿಂದ ಹಿಡಿದು ತೋಟದಲ್ಲಿ ಗೋದಾಮು ಕಟ್ಟುವ ಅಡಿಕೆ ಬೆಳೆಗಾರರವರೆಗೆ ಎಲ್ಲರದ್ದೂ ಇದೇ ಪ್ರಶ್ನೆ. ಉತ್ತರವೂ ಥಟ್ಟನೆ ಬರುತ್ತದೆ. ಮೂರು ಕಡೆ ವಿಚಾರಿಸಿ, ಕಡಿಮೆ ಹೇಳಿದವರಿಗೆ ಅಡ್ವಾನ್ಸ್ ಕೊಟ್ಟರೆ ಮಾತು ಮುಗಿಯಿತು. ಈ ಪದ್ಧತಿಯಿಂದ ದುಡ್ಡು ಹಾಕುವವರಿಗೆ ಆಗುತ್ತಿರುವ ನಷ್ಟ ಸಣ್ಣದಲ್ಲ.

ಚದರಡಿ ರೇಟಿಗೂ ಒಂದು ಉಪಯೋಗವಿದೆ. ಕೈಯಲ್ಲಿರುವ ದುಡ್ಡಿಗೆ ಎಷ್ಟು ದೊಡ್ಡ ಶೆಡ್ ಆದೀತು, ಬ್ಯಾಂಕಿನಲ್ಲಿ ಎಷ್ಟು ಸಾಲ ಕೇಳಬೇಕು ಎಂಬ ಅಂದಾಜಿಗೆ ಅದು ಸಾಕು. ಆ ಅಂದಾಜೇ ಕರಾರು ಆದಾಗ ತೊಂದರೆ ಶುರು.

ಲೆಕ್ಕ ಹಾಕಿ ನೋಡೋಣ. 60 ಅಡಿ ಉದ್ದ, 60 ಅಡಿ ಅಗಲದ ಶೆಡ್ಡು 3,600 ಚದರಡಿ. 120 ಅಡಿ ಉದ್ದ, 30 ಅಡಿ ಅಗಲದ್ದೂ ಅಷ್ಟೇ. ಎತ್ತರ 12 ಅಡಿ ಎಂದಿಟ್ಟುಕೊಂಡರೆ, ಸುತ್ತ ಮುಚ್ಚಲು ಮೊದಲನೆಯದಕ್ಕೆ 2,880 ಚದರಡಿ ಶೀಟು ಸಾಕು, ಎರಡನೆಯದಕ್ಕೆ 3,600 ಬೇಕು. ಲಾರಿ ಒಳಗೆ ಬರಲೆಂದು ಎರಡನೆಯದನ್ನು 18 ಅಡಿಗೆ ಏರಿಸಿದರೆ 5,400 ಆಗುತ್ತದೆ. ಚಾವಣಿಯ ಲೆಕ್ಕ ಇದಕ್ಕೆ ತದ್ವಿರುದ್ಧ. ನಡುವೆ ಕಂಬವಿಲ್ಲದೆ ಅಗಲವನ್ನು 30ರಿಂದ 60 ಅಡಿಗೆ ಒಯ್ದರೆ, ಅಡಿಯೊಂದಕ್ಕೆ ಬೀಳುವ ಭಾರ ಅಷ್ಟೇ ಇದ್ದರೂ ಚಾವಣಿ ಹೊರುವ ಟ್ರಸ್ಸನ್ನು ಬಾಗಿಸುವ ಒತ್ತಡ ನಾಲ್ಕು ಪಟ್ಟಾಗುತ್ತದೆ. ಟ್ರಸ್ಸುಗಳ ಸಂಖ್ಯೆ ಇಳಿಯುತ್ತದೆ, ಒಂದೊಂದರ ತೂಕ ಏರುತ್ತದೆ. ಇವೆಲ್ಲಕ್ಕೂ ಒಂದೇ ರೇಟು ಹೇಳುವವರು ಎಲ್ಲೋ ಒಂದು ಕಡೆ ಹೆಚ್ಚು ವಸೂಲು ಮಾಡಬೇಕು, ಇಲ್ಲವೇ ಉಕ್ಕು ಕಡಿಮೆ ಮಾಡಬೇಕು.

ಉಕ್ಕು ಕಡಿಮೆಯಾದರೆ ಕಣ್ಣಿಗೆ ಕಾಣುವುದಿಲ್ಲ. 3 ಮಿ.ಮೀ. ದಪ್ಪದ ಪೈಪಿನ ಬದಲು ಅದೇ ಅಳತೆಯ 2 ಮಿ.ಮೀ. ಪೈಪು ಹಾಕಿದರೆ ತೂಕ ಸುಮಾರು ಮೂರರಲ್ಲೊಂದು ಪಾಲು ತಗ್ಗುತ್ತದೆ. ಮೇಲೆ ರೆಡ್ ಆಕ್ಸೈಡ್ ಬಳಿದ ಮೇಲೆ ಎರಡೂ ಒಂದೇ. ‘0.50 ಕಲರ್ ಶೀಟು’ ಎಂದು ಬಿಲ್ಲಿನಲ್ಲಿ ಬರೆದರೂ ಅದು ಬಣ್ಣ ಮತ್ತು ಲೇಪ ಸೇರಿದ ದಪ್ಪವೋ, ಒಳಗಿನ ಉಕ್ಕಿನ ದಪ್ಪವೋ ಎಂದು ಕೇಳುವವರು ವಿರಳ. ಪೈಪಿನ ತುದಿಗೂ ಶೀಟಿನ ಅಂಚಿಗೂ ವರ್ನಿಯರ್ ಹಿಡಿದರೆ ಒಂದು ನಿಮಿಷದಲ್ಲಿ ಅಳತೆ ತಿಳಿಯುತ್ತದೆ. ಪೈಪಿನ ಅಳತೆಯನ್ನಂತೂ ವೆಲ್ಡಿಂಗ್ ಮಾಡಿ ತುದಿ ಮುಚ್ಚುವ ಮೊದಲೇ ತೆಗೆದುಕೊಳ್ಳಬೇಕು.

ಗಾಳಿಯ ಲೆಕ್ಕವೂ ಈ ರೇಟಿನಲ್ಲಿ ಸಿಗುವುದಿಲ್ಲ. ಕಟ್ಟಡಗಳ ಮೇಲಿನ ಗಾಳಿಯ ಹೊರೆ ಕುರಿತ ಭಾರತೀಯ ಮಾನಕ ಐಎಸ್ 875ರ ಮೂರನೇ ಭಾಗ ಬೆಂಗಳೂರಿಗೆ ಸೆಕೆಂಡಿಗೆ 33 ಮೀಟರ್, ಮಂಗಳೂರಿಗೆ 39 ಮೀಟರ್ ಮೂಲ ವೇಗ ಕೊಟ್ಟಿದೆ. ಒತ್ತಡ ವೇಗದ ವರ್ಗಕ್ಕೆ ತಕ್ಕಂತೆ ಏರುವುದರಿಂದ ಆರು ಮೀಟರಿನ ಈ ಅಂತರ ಸುಮಾರು ಶೇ. 40ರಷ್ಟು ಹೆಚ್ಚಿನ ಹೊರೆಯಾಗುತ್ತದೆ. ಕಾಂಕ್ರೀಟ್ ತಾರಸಿಗೆ ಅದರ ತೂಕವೇ ರಕ್ಷೆ. ಶೀಟಿನ ಚಾವಣಿಗೆ ಆ ತೂಕವಿಲ್ಲ. ಗಾಳಿ ಅದನ್ನು ಮೇಲಕ್ಕೆ ಎತ್ತುತ್ತದೆ. ಅದನ್ನು ಹಿಡಿದಿಡುವುದು ಸ್ಕ್ರೂ, ಶೀಟು ಕೂರುವ ಅಡ್ಡಪಟ್ಟಿ (ಪರ್ಲಿನ್), ಬ್ರೇಸಿಂಗ್, ಫೌಂಡೇಶನ್ ಬೋಲ್ಟು ಮತ್ತು ನೆಲದೊಳಗಿನ ಕಾಂಕ್ರೀಟು. ರೇಟು ಇಳಿಸಲು ಹೊರಟಾಗ ಮೊದಲು ಕೈ ಬೀಳುವುದು ಇವುಗಳ ಮೇಲೆಯೇ. ಏಪ್ರಿಲ್, ಮೇ ತಿಂಗಳ ಗಾಳಿಮಳೆಗೆ ಶೀಟು ಹಾರಿಹೋದ ಸುದ್ದಿ ವರ್ಷವರ್ಷವೂ ಬರುತ್ತದೆ. ನಾವು ಅದನ್ನು ಪ್ರಕೃತಿ ವಿಕೋಪದ ಲೆಕ್ಕಕ್ಕೆ ಬರೆದು ಸುಮ್ಮನಾಗುತ್ತೇವೆ.

ಇದರ ಮೇಲೆ ‘ಎಕ್ಸ್‌ಟ್ರಾ’ ಎಂಬ ಬಾಬತ್ತು ಬೇರೆ. ಪಾಯ, ಫ್ಲೋರಿಂಗ್, ಗಟರ್, ನೀರಿಳಿಯುವ ಪೈಪು, ರೋಲಿಂಗ್ ಶಟರ್, ಕ್ರೇನ್ ಬಾಡಿಗೆ, ಸಾಗಣೆ, ಶೇ. 18 ಜಿಎಸ್‌ಟಿ: ಇವುಗಳಲ್ಲಿ ಯಾವುದು ರೇಟಿನೊಳಗೆ, ಯಾವುದು ಹೊರಗೆ ಎಂಬುದು ಎಷ್ಟೋ ಸಲ ಕೆಲಸ ಅರ್ಧಕ್ಕೆ ಬಂದ ಮೇಲೆಯೇ ತಿಳಿಯುತ್ತದೆ. ಅಷ್ಟರಲ್ಲಿ ಬೇರೆಯವರನ್ನು ಕರೆಯುವ ಅವಕಾಶ ಕೈತಪ್ಪಿರುತ್ತದೆ.

ಹಾಗಾದರೆ ಉಕ್ಕಿನ ತೂಕಕ್ಕೆ ದುಡ್ಡು ಕೊಡುವ ಕಿಲೋ ಲೆಕ್ಕ ವಾಸಿಯೇ? ವೇಬ್ರಿಡ್ಜ್ ಚೀಟಿ ಇರುವುದರಿಂದ ಉಕ್ಕು ಕದಿಯುವುದು ಕಷ್ಟ, ನಿಜ. ಆದರೆ ತೂಕ ಹೆಚ್ಚಿದಷ್ಟೂ ಬಿಲ್ಲು ಹೆಚ್ಚುವುದರಿಂದ, ಬೇಡದ ಕಡೆಯೂ ದಪ್ಪ ಸೆಕ್ಷನ್ ಹಾಕುವ ಆಸೆ ಹುಟ್ಟುತ್ತದೆ. ಹಾಗಾಗಿ ಯಾವ ಲೆಕ್ಕದಲ್ಲಿ ಕೊಟ್ಟರೂ ಮೊದಲು ಸ್ಟ್ರಕ್ಚರಲ್ ಇಂಜಿನಿಯರರಿಂದ ಡ್ರಾಯಿಂಗ್ ಮಾಡಿಸಬೇಕು. ಕಂಬದಿಂದ ಬೋಲ್ಟಿನವರೆಗೆ ಅಳತೆ, ದಪ್ಪ, ಒಟ್ಟು ತೂಕ ಅದರಲ್ಲಿರಬೇಕು. ಅದೇ ಡ್ರಾಯಿಂಗನ್ನು ಮೂವರಿಗೂ ಕೊಟ್ಟು ರೇಟು ಕೇಳಿದರೆ ಮಾತ್ರ ಹೋಲಿಕೆಗೆ ಅರ್ಥ ಬರುತ್ತದೆ.

ಇಷ್ಟು ಸಣ್ಣ ಶೆಡ್ಡಿಗೆ ಇಂಜಿನಿಯರ್ ಫೀಸು ದಂಡವಲ್ಲವೇ ಎನ್ನುವವರಿದ್ದಾರೆ. ದೊಡ್ಡ ಕಾರ್ಖಾನೆಗಳ ಪ್ರೀ-ಇಂಜಿನಿಯರ್ಡ್ ಕಟ್ಟಡಗಳನ್ನು ಅವರು ಗಮನಿಸಬೇಕು. ಅಲ್ಲಿನ ಕಂಬ, ತೊಲೆಗಳು ಒತ್ತಡ ಹೆಚ್ಚಿರುವಲ್ಲಿ ಅಗಲವಾಗಿ, ಕಡಿಮೆ ಇರುವಲ್ಲಿ ಕಿರಿದಾಗಿರುತ್ತವೆ. ಉಕ್ಕಿನ ಉಳಿತಾಯ ಅಲ್ಲಿ ಲೆಕ್ಕದಿಂದ ಬಂದದ್ದು. ಸಣ್ಣ ಶೆಡ್ಡಿಗೂ ಅದೇ ನ್ಯಾಯ ಸಲ್ಲುತ್ತದೆ: ಲೆಕ್ಕ ತಿಳಿದವರು ಬೇಕಾದಲ್ಲಿ ಸೇರಿಸುತ್ತಾರೆ, ಬೇಡವಾದಲ್ಲಿ ತೆಗೆಯುತ್ತಾರೆ.

ಚದರಡಿ ರೇಟಿನ ದೊಡ್ಡ ದೋಷ ಇನ್ನೊಂದಿದೆ. ಸರಿಯಾದ ಬೋಲ್ಟು, ತಕ್ಕ ದಪ್ಪದ ಪೈಪು, ಗಟರು ಎಲ್ಲ ಸೇರಿಸಿ ಪ್ರಾಮಾಣಿಕವಾಗಿ ಬೆಲೆ ಹೇಳುವ ಫ್ಯಾಬ್ರಿಕೇಟರ್ ಈ ಪೈಪೋಟಿಯಲ್ಲಿ ದುಬಾರಿಯಾಗಿ ಕಂಡು ಕೆಲಸ ಕಳೆದುಕೊಳ್ಳುತ್ತಾರೆ. ಒಳ್ಳೆಯ ಕೆಲಸಗಾರರನ್ನು ಹೀಗೆ ಹಿಂದಕ್ಕೆ ತಳ್ಳುತ್ತಿರುವವರು ಕಡಿಮೆ ರೇಟು ಕೇಳುವ ನಾವೇ. ಚದರಡಿಗೆ ಎಷ್ಟು ಎನ್ನುವ ಮೊದಲು ಯಾವ ಡ್ರಾಯಿಂಗಿಗೆ, ಎಷ್ಟು ತೂಕಕ್ಕೆ, ಏನೇನು ಸೇರಿ ಎಂದು ಕೇಳುವುದನ್ನು ರೂಢಿ ಮಾಡಿಕೊಂಡರೆ ಅಂಥವರಿಗೆ ಕೆಲಸ ಸಿಗುತ್ತದೆ, ನಮಗೂ ನಿಲ್ಲುವ ಶೆಡ್ಡು ಸಿಗುತ್ತದೆ.